ಷಡ್ಡಕನ ಕೈಮರ

ನಾನು ಸೀನಿದ ರಭಸಕ್ಕೆ ಒಂದು ಕಟ್ಟಡದ ಛಾವಣಿ ಹಾರಿಹೋಗಿದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಕಟ್ಟಡವೆಂದರೆ ಮೊಳದೆತ್ತರವೂ ಇಲ್ಲದ ಒಂದು ರೈಲ್ವೆ ಸಿಗ್ನಲ್ ಕ್ಯಾಬಿನ್ನು. ಬೆಂಡು, ಬಿದಿರು, ಕೊಡೆಕಡ್ಡಿಗಳಿಂದ ಅದನ್ನು ಮಾಡಿದವನು ಆವುಲಪ್ಪ, ನನ್ನ ಷಡ್ಡಕ. ನನ್ನ ಹೆಂಡತಿಯ ತಂಗಿಯನ್ನು ಮದುವೆಯಾದದ್ದು ಬಿಟ್ಟರೆ ಅಲ್ಲಿಯವರೆಗೆ ಅವನು ನನಗೆ ಯಾವ ಅಪಕಾರವನ್ನೂ ಮಾಡಿದವನಲ್ಲ.

ದೀಪಾವಳಿಯ ಹಿಂದಿನ ಸಂಜೆ ಅದು. ಮತ್ತಿಗಿರಿಯ ಮಾವನ ಮನೆಯ ನಡುಮನೆಯಲ್ಲಿ, ಮೇಜಿನ ಮೇಲೆ ಕ್ಯಾಬಿನ್ನು ಕೂತಿತ್ತು. ಅದರೆದುರಿಗೆ ಕೆಂಪು ಕೈ ಚಾಚಿಕೊಂಡು ಒಂದು ಕೈಮರ, ಅಂದರೆ ಸಿಗ್ನಲ್ ಕಂಬ, ನಿಂತಿತ್ತು. ಮಾವ ವೆಂಕಟರಾಮಪ್ಪನವರು ಮೊದಲ ಲಿವರ್ ಎಳೆಯಲು ಕ್ಯಾಬಿನ್ನಿನ ಬಾಗಿಲ ಕಡೆಗೆ ಬೆರಳು ಮುಂದೆ ಮಾಡಿದ್ದರು. ಅವರು ಎಳೆದರೆ ಕೈಮರದ ಕೈ ಇಳಿಯಬೇಕು, ಮನೆಮಂದಿಯೆಲ್ಲ ಆಹಾ ಎನ್ನಬೇಕು. ಆ ಆಹಾಕಾರ ಕಿವಿಗೆ ಬೀಳುವ ಮೊದಲೇ ಏನಾದರೊಂದು ತಪ್ಪು ಹುಡುಕಿಬಿಡೋಣವೆಂದು ನಾನು ಕನ್ನಡಕ ಏರಿಸಿ, ಮೂಗು ತಾಗುವಷ್ಟು ಹತ್ತಿರಕ್ಕೆ ಬಗ್ಗಿದೆ. ಸ್ವಲ್ಪ ಮುಂಚೆ ಏರಿಸಿದ್ದ ನಶ್ಯ ಅದೇ ಗಳಿಗೆಯಲ್ಲಿ ಕೆಲಸ ಮಾಡಿತು.

ಛಾವಣಿ ಮೇಲೆದ್ದು, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಮಾವನವರ ಮಡಿಲಿಗೆ ಬಿತ್ತು. ಅದಕ್ಕಿಂತ ದೊಡ್ಡ ಅನಾಹುತ ಬೇರೆಯೇ ಇತ್ತು. ನಾನು ಸೀನಿದ್ದು ಒಂದೇ ಸಲ.

"ಸುಬಕಾರ್ಯಕ್ಕೆ ಒಂಟಿ ಸೀನಾ!" ಬಾಗಿಲ ಹಿಂದಿನಿಂದ ಅತ್ತೆ ಕದಿರಮ್ಮನವರ ದನಿ ಬಂತು. ಆ ಮನೆಯ ಪದ್ಧತಿಯಲ್ಲಿ ಅತ್ತೆ ಅಳಿಯನ ಎದುರಿಗೆ ಬರುವಂತಿಲ್ಲ, ನೇರವಾಗಿ ಮಾತಾಡುವಂತೆಯೂ ಇಲ್ಲ. "ನಾರಾಯಣೀ, ಇನ್ನೊಂದು ಸೀನ್ ಬುಡಾಕ್ ಹೇಳೇ ನಿಮ್ಮೆಜಮಾನ್ರಿಗೆ. ಆಮ್ಯಾಕೆ ಬೇಕಾದ್ದು ಮಾಡ್ಕಳ್ಲಿ."

ನನ್ನ ಹೆಂಡತಿ ನಾರಾಯಣಮ್ಮ ಬಂದು ಎದುರಿಗೆ ನಿಂತಳು. "ಸೀನ್ರೀ."

"ಬರ್ಬೇಕಲ್ಲೇ!"

"ಬ್ಯಾಡದಿದ್ದಾಗ ಬತ್ತದೆ. ಈಗ ಬೇಕಾದಾಗ ಏನು ದಾಡಿ?"

ನಶ್ಯ ಏರಿಸಿದರು. ದೀಪ ನೋಡಿಸಿದರು. ಸೆರಗಿನ ಎಳೆ ಹೊಸೆದು ಮೂಗಿಗೆ ಬಿಟ್ಟರು. ನನ್ನ ಮೂಗು ಕಲ್ಲುಮೂಗಾಗಿತ್ತು. ಆ ಹೊತ್ತಿಗೆ ಛಾವಣಿಯಿಲ್ಲದ ಕ್ಯಾಬಿನ್ನಿನ ಒಳಗು ಬಟಾಬಯಲಾಗಿತ್ತಲ್ಲ! ಮನೆಯವರೆಲ್ಲ ಅದರ ಸುತ್ತ ಮುತ್ತಿಕೊಂಡರು. ಒಳಗೆ ಸಾಲಾಗಿ ಲಿವರ್‌ಗಳು, ಕೆಲವು ಕೆಂಪು, ಕೆಲವು ಕಪ್ಪು, ಎರಡು ನೀಲಿ. ಮೂಲೆಯಲ್ಲಿ ಒಂದು ಬೆಂಚು, ಬೆಂಚಿನ ಕೆಳಗೆ ಗುಲಗಂಜಿ ಗಾತ್ರದ ನೀರಿನ ಕೊಡ, ಗೋಡೆಗೆ ಗಡಿಯಾರ. ಛಾವಣಿ ಇದ್ದಿದ್ದರೆ ಇವು ಯಾವುವೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. "ಅಯ್ಯ, ಕೊಡ ನೋಡ್ರೇ, ಕೊಡ!" ಎಂದು ಯಾರೋ ಕೂಗಿದ್ದೇ ತಡ, ಬಾಗಿಲ ಹಿಂದಿನಿಂದ ಕದಿರಮ್ಮನವರು ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದು, ಆವುಲಪ್ಪನ ಪಕ್ಕದಲ್ಲೇ ನಿಂತು, ಕ್ಯಾಬಿನ್ನಿನೊಳಗೆ ಇಣುಕಿದರು. ನನ್ನ ಮದುವೆಯಾದಂದಿನಿಂದ ಆಕೆಯ ಬಳೆ ಸದ್ದು, ಕೆಮ್ಮು, ಸೆರಗಿನ ಅಂಚು ಇಷ್ಟನ್ನೇ ಬಲ್ಲ ನಾನು ಅಂದು ಮೊದಲ ಸಲ ನನ್ನ ಅತ್ತೆಯ ಮುಖ ನೋಡಿದೆ. ಅದು ಆವುಲಪ್ಪನ ಕೊಡವನ್ನು ನೋಡಿ ನಗುತ್ತಿತ್ತು.

ಆ ಸಂಕಟಕ್ಕೆ ಎರಡನೆಯ ಸೀನು ತಾನಾಗಿ ಬಂತು. ಶಾಸ್ತ್ರ ಮುಗಿಯಿತು. ಮಾವನವರು ಲಿವರ್ ಎಳೆದರು, ಕೈ ಇಳಿಯಿತು. ಎಲ್ಲರೂ ಆಹಾ ಎಂದರು.

ಇಷ್ಟಕ್ಕೇ ಒಬ್ಬ ನಡುವಯಸ್ಸಿನ ಮನುಷ್ಯ ಹೊಟ್ಟೆ ಉರಿದುಕೊಳ್ಳುವುದೇ ಎಂದು ನೀವು ಕೇಳಬಹುದು. ನನ್ನ ಸ್ಥಿತಿ ಸ್ವಲ್ಪ ಕೇಳಿ. ನಾನು ಹೊಸೂರಿನಲ್ಲಿ ಕನ್ನಡ ಮೇಷ್ಟ್ರು. ಶಾಲೆಯಲ್ಲಿ ನನ್ನ ಮೇಲೆ ತಮಿಳು ಪಂಡಿತರು, ಅವರ ಮೇಲೆ ಹೆಡ್ಮಾಸ್ಟರು, ಅವರ ಮೇಲೆ ಇನ್ಸ್‌ಪೆಕ್ಟರು. ಬೆಂಗಳೂರಿನ ಪತ್ರಿಕೆಗೆ ನಾನು ಕಳಿಸುವ ಹರಟೆಗಳು ತಲೆನೋವಿನ ಮುಲಾಮಿನ ಜಾಹೀರಾತಿನ ಪಕ್ಕದಲ್ಲಿ ಅಚ್ಚಾಗುತ್ತವೆ, ಎರಡಕ್ಕೂ ಸಂಬಂಧ ಇದ್ದಹಾಗೆ. ಜಗತ್ತಿನಲ್ಲಿ ನಾನು ಮೊದಲಿಗನಾಗಿ ಕೂರುವ ಜಾಗ ಒಂದೇ ಒಂದು: ಮಾವನ ಮನೆಯ ಮಣೆ. ನರಕ ಚತುರ್ದಶಿಯ ಬೆಳಗ್ಗೆ ಅಳಿಯಂದಿರನ್ನು ಮಣೆಯ ಮೇಲೆ ಕೂರಿಸಿ, ಮಾವನವರು ಗರಿಕೆಯಲ್ಲಿ ಎಣ್ಣೆ ಅದ್ದಿ ನೆತ್ತಿಗೆ ಮುಟ್ಟಿಸುತ್ತಾರೆ. ಮೊದಲ ಎಣ್ಣೆ ದೊಡ್ಡಳಿಯನಿಗೆ, ಅಂದರೆ ನನಗೆ. ಆಮೇಲೆ ಆವುಲಪ್ಪನಿಗೆ. ಆ ಮೊದಲ ಎಣ್ಣೆಯ ಜಂಬದಲ್ಲಿ ನಾನು ಇನ್ನೊಂದು ದೀಪಾವಳಿಯವರೆಗೆ ಕಾಲ ಹಾಕುತ್ತಿದ್ದೆ. ಅದು ಕೈತಪ್ಪುವ ಲಕ್ಷಣಗಳು ಆ ವರ್ಷ ಯುಗಾದಿಯಿಂದಲೇ ಕಾಣತೊಡಗಿದ್ದವು.

ಆವುಲಪ್ಪ ಹುಟ್ಟಿದ್ದು ಗುಮ್ಮಳಾಪುರದಲ್ಲಿ. ಈಗ ಅವಲಪಲ್ಲಿಯಲ್ಲಿ ರಾಗಿ, ಅವರೆ ಬೆಳೆಯುತ್ತಾನೆ. ಜೊತೆಗೆ ಮದುವೆ ಮನೆಗಳಿಗೆ ಪೆಟ್ರೋಮ್ಯಾಕ್ಸ್ ದೀಪ ಬಾಡಿಗೆಗೆ ಕೊಡುತ್ತಾನೆ, ಮಳೆಗಾಲದಲ್ಲಿ ಕೊಡೆ ರಿಪೇರಿ ಮಾಡುತ್ತಾನೆ. ಅವನ ಮದುವೆಗೂ ಅವನದೇ ದೀಪಗಳು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಚಪ್ಪರದ ದೀಪ ಮಂಕಾಯಿತು. ಮದುಮಗ ಹಸೆಯಿಂದೆದ್ದು, ಬಾಸಿಂಗ ಕಟ್ಟಿಕೊಂಡೇ ಹೋಗಿ, ದೀಪಕ್ಕೆ ಪಂಪು ಹೊಡೆದು, ವಾಪಸು ಬಂದು ಕೂತು ತಾಳಿ ಕಟ್ಟಿದ. ಗಟ್ಟಿಮೇಳದವರು ಅಷ್ಟು ಹೊತ್ತೂ ಉಸಿರು ಹಿಡಿದು ಬಾರಿಸುತ್ತಲೇ ಇರಬೇಕಾಯಿತು. "ಇದೇನಪ್ಪ, ಯಾರ್ಗಾನ ಹೇಳ್ಬಾರ್ದಿತ್ತಾ?" ಎಂದು ನಾನು ಕೇಳಿದ್ದಕ್ಕೆ, "ಪಂಪು ನಂದು" ಎಂದ.

ಅವನ ಮಾತೇ ಅಷ್ಟು. ಕೇಳಿದ್ದಕ್ಕೆ ಉತ್ತರ, ಅದರಾಚೆಗೆ ಒಂದಕ್ಷರವಿಲ್ಲ. "ಬೆಳೆ ಹೆಂಗೈತೆ?" ಎಂದರೆ "ನಿಂತೈತೆ." "ಮಕ್ಕಳು?" ಎಂದರೆ "ಓಡಾಡ್ತಾವೆ." ಮಾತಿನಿಂದಲೇ ಹೊಟ್ಟೆ ಹೊರೆಯುವ ನನ್ನಂಥವನಿಗೆ ಅವನ ಜೊತೆ ಒಂದು ಗಾಡಿಯಲ್ಲಿ ಹೊಸೂರಿಂದ ಮತ್ತಿಗಿರಿಗೆ ಹೋಗುವುದೆಂದರೆ ಒಬ್ಬನೇ ಹೋದಂತೆ. ಜಗಳವಾಡೋಣವೆಂದರೂ ಅವನ ಕಡೆಯಿಂದ ಸಾಮಗ್ರಿ ಸಿಗುತ್ತಿರಲಿಲ್ಲ.

ಮಾವನವರದ್ದು ಬೇರೆಯ ಜಾತಕ. ಜೋಲಾರಪೇಟೆ ಜಂಕ್ಷನ್ನಿನ ಕ್ಯಾಬಿನ್ನಿನಲ್ಲಿ ಆಯುಷ್ಯವೆಲ್ಲ ಲಿವರ್ ಎಳೆದು, ಪಿಂಚಣಿಯಾದ ಮೇಲೆ ಮತ್ತಿಗಿರಿಗೆ ಬಂದು ನೆಲಸಿದವರು. ದಿನಾ ಸಂಜೆ ಹೊಸೂರು ಸ್ಟೇಷನ್ನಿಗೆ ನಡೆದುಹೋಗಿ, ನಮ್ಮ ಸಣ್ಣ ಗೇಜಿನ ರೈಲನ್ನು ನೋಡಿ, "ಇದೊಂದು ರೈಲಾ? ಕುರಿ ಅಡ್ಡ ಬಂದ್ರೆ ಕುರಿಗೇ ದಾರಿ ಬುಡ್ತದೆ" ಎಂದು ಬೈದು, ನೆಮ್ಮದಿಯಾಗಿ ಮನೆಗೆ ಬರುತ್ತಿದ್ದರು. ನಲವತ್ತೊಂದರಲ್ಲಿ ಆ ಲೈನು ನಿಂತಿತು. ಯುದ್ಧದ ಕೆಲಸಕ್ಕೆಂದು ಕಂಬಿಗಳನ್ನೂ ಕಿತ್ತು ಸಾಗಿಸಿದರು. ಬೈಯಲು ರೈಲಿಲ್ಲದೆ ಮಾವನವರು ಜಗಲಿಯಲ್ಲಿ ಕೂತರು. ಕೂತಲ್ಲೇ ಸಂಜೆಯ ಹೊತ್ತು ಅವರ ಬಲಗೈ ಗಾಳಿಯಲ್ಲಿ ಏನನ್ನೋ ಹಿಡಿದು ಎಳೆಯುತ್ತಿತ್ತು.

ಅದನ್ನು ಮೊದಲು ಗಮನಿಸಿದವನು ನಾನು. ಇದು ದಾಖಲಾಗಲಿ. ಗಮನಿಸಿ, ಅದರ ಮೇಲೆ ಸೊಗಸಾದ ಒಂದು ಹರಟೆ ಬರೆದು, ಅಚ್ಚಾದ ಮೇಲೆ ಅವರಿಗೇ ಓದಿ ಹೇಳಿದೆ. ಪೂರ್ತಿ ಕೇಳಿ, "ಚೆಂದಾಗೈತೆ ಮೇಷ್ಟ್ರೇ" ಎಂದು ಎದ್ದು ಒಳಗೆ ಹೋದರು. ಆವುಲಪ್ಪ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ. ಮಾರನೆಯ ದಿನ ಅವನು ಒಂದು ಹಳೆಯ ಕೊಡೆ ಬಿಚ್ಚಿದನಂತೆ.

ಸೀಮೆಎಣ್ಣೆಗೆ ರೇಷನ್ ಬಂದು ಅವನ ಪೆಟ್ರೋಮ್ಯಾಕ್ಸ್‌ಗಳೆಲ್ಲ ಅಟ್ಟ ಸೇರಿದ್ದವು. ಕೈಯಲ್ಲಿ ಬೇಕಾದಷ್ಟು ಹೊತ್ತಿತ್ತು. ಆದರೆ ಜೋಲಾರಪೇಟೆಯ ಕ್ಯಾಬಿನ್ನಿನ ಅಳತೆ ಎಲ್ಲಿಂದ ತರುವುದು? ಯುದ್ಧಕಾಲದಲ್ಲಿ ಟೇಪು ಹಿಡಿದು ಜಂಕ್ಷನ್ನಿಗೆ ಹೋದವನು ಮನೆಗೆ ಬರುವುದು ಅನುಮಾನ. ಆವುಲಪ್ಪ ಮಾವನವರನ್ನು ಗಾಡಿಯಲ್ಲಿ ಅವಲಪಲ್ಲಿಗೆ ಕರೆತಂದು, ತನ್ನ ಮನೆಯ ಗೋಡೆಗೆ ಒರಗಿಸಿ ನಿಲ್ಲಿಸಿದ.

"ಮಾವಾ, ಲಿವರ್ ಎಲ್ಲೀಗಂಟ ಬತ್ತಿತ್ತು?"

ಮಾವನವರು ಎದೆಗೂಡಿನ ಕೆಳಗೆ ಕೈಯಿಟ್ಟರು. ಅಲ್ಲೊಂದು ಸುಣ್ಣದ ಗೆರೆ.

"ಕಿಟಕಿ?"

ಮೊಣಕೈ. ಇನ್ನೊಂದು ಗೆರೆ.

"ಬಾಗ್ಲು?"

"ತಲೆ ಮ್ಯಾಲೊಂದು ಗೇಣು. ಸ್ಟೇಷನ್ ಮಾಸ್ಟ್ರು ಪೇಟ ಹಾಕ್ಕಂಡು ಬಂದ್ರೂ ತಗಲ್ತಿರಲಿಲ್ಲ."

ಹೀಗೆ ಇಡೀ ಕ್ಯಾಬಿನ್ನು ಮಾವನವರ ಮೈ ಅಳತೆಯಲ್ಲಿ ಗೋಡೆಯ ಮೇಲೆ ಎದ್ದು ನಿಂತಿತು. ಆಮೇಲೆ ಆವುಲಪ್ಪ ತನ್ನ ತೋರುಬೆರಳು ಎತ್ತಿ ತೋರಿಸಿ, "ಮಾವ ಇಷ್ಟು" ಎಂದ. ಅದೇ ಪ್ರಮಾಣ. ಒಂದಾಳಿಗೆ ಒಂದು ಬೆರಳು. ಮಿಕ್ಕಿದ್ದೆಲ್ಲ ಆ ಲೆಕ್ಕದಲ್ಲೇ ಚಿಕ್ಕದಾಯಿತು. ಕೊಡೆಕಡ್ಡಿಗಳು ಲಿವರ್‌ಗಳಾದವು. ಪೆಟ್ರೋಮ್ಯಾಕ್ಸಿನ ಒಡೆದ ಕಾಗೆಬಂಗಾರದ ತಗಡು ಕಿಟಕಿಯ ಗಾಜಾಯಿತು. ತಂಬೂರಿಯ ತಂತಿ ಲಿವರಿನಿಂದ ಕೈಮರಕ್ಕೆ ಹೋಯಿತು. ಕುಂಬಳದ ಬೀಜದ ಸಿಪ್ಪೆಗಳು ಕೆಮ್ಮಣ್ಣು ಬಳಿದುಕೊಂಡು ಹೆಂಚುಗಳಾದವು. ಆ ಸಿಪ್ಪೆಗಳನ್ನು ನೋಡಿದಾಗ ನಾನು ಅವಲಪಲ್ಲಿಯ ಇಲಿಗಳ ಮೇಲೆ ಬಹಳ ಭರವಸೆ ಇಟ್ಟಿದ್ದೆ. ತಿರುಳಿಲ್ಲದ ಸಿಪ್ಪೆಗೆ ಅವೂ ಮೂಗು ಮುರಿದವು.

ಇಲಿಗಳು ಕೈಬಿಟ್ಟ ಮೇಲೆ ನಾನೇ ಕೈಹಾಕಬೇಕಾಯಿತು. ಒಂದು ಭಾನುವಾರ ಹೋದಾಗ ಗೋಡೆಯ ಗೆರೆಗಳನ್ನು ನೋಡುತ್ತ ನನಗೆ ಅದ್ಭುತವಾದ ಒಂದು ದೋಷ ಹೊಳೆಯಿತು.

"ಮಾವಾ," ಎಂದೆ, ಆವುಲಪ್ಪನಿಗೂ ಕೇಳಿಸುವಂತೆ. "ಅಳತೆಯೆಲ್ಲ ತಪ್ಪು ಕಣ್ರೀ. ನೀವು ಲಿವರ್ ಎಳೀತಿದ್ದಾಗ ಹರೆಯದ ಆಳು. ಈಗ ವಯಸ್ಸಾಗಿ ಬಗ್ಗಿದ್ದೀರಿ, ಕುಗ್ಗಿದ್ದೀರಿ. ಕುಗ್ಗಿದ ಆಳಿನ ಅಳತೆ ಹಿಡಿದು ಮಾಡಿದ್ದು ಕ್ಯಾಬಿನ್ ಆಗಲ್ಲ, ಕೋಳಿಗೂಡು ಆಗುತ್ತೆ."

ತರ್ಕ ಅಭೇದ್ಯವಾಗಿತ್ತು. ಅದನ್ನು ಹೇಳಿದ ಜಾಗ ಮಾತ್ರ ಸರಿಯಿರಲಿಲ್ಲ. ಮಾವನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾರ್ರೀ ಬಗ್ಗಿರೋದು?"

"ಅಂದ್ರೆ, ವಯಸ್ಸಿನ ಧರ್ಮ..."

"ಯಾರು ಕುಗ್ಗಿರೋದು ಅಂತ ಕೇಳ್ದೆ! ಆವುಲಪ್ಪಾ, ತಗಳಪ್ಪ ಸುಣ್ಣ!"

ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಒತ್ತಿ, ಉಸಿರು ಕಟ್ಟಿ, ಕೈಮರದಂತೆ ನೆಟ್ಟಗೆ ನಿಂತರು. ಆ ಭಂಗಿಯಲ್ಲಿ ಅವರು ಮೂರು ಬೆರಳು ಉದ್ದವಾಗಿದ್ದರು. ಆವುಲಪ್ಪ ಹಳೆಯ ಗೆರೆಗಳನ್ನು ಒರೆಸಿ ಹೊಸ ಗೆರೆ ಎಳೆದ. ಕ್ಯಾಬಿನ್ನನ್ನು ಬಿಚ್ಚಿ ಮತ್ತೆ ಕಟ್ಟಿದ. ಮೊದಲಿಗಿಂತ ಚೆನ್ನಾಗಿ ಬಂತು. "ಈಗ ಸರಿಯಾನ ವೇಲೆ" ಎಂದು ಮಾವನವರು ಜೋಲಾರಪೇಟೆಯ ತಮಿಳಿನಲ್ಲಿ ಅವನ ಕೆಲಸವನ್ನು ಮೆಚ್ಚಿ ತಲೆದೂಗಿದರು. ನನ್ನ ಕಡೆ ಮಾತ್ರ ಒಂದು ತಿಂಗಳು ತಿರುಗಿ ನೋಡಲಿಲ್ಲ. ಆವುಲಪ್ಪನೇ ದಾರಿಯಲ್ಲಿ ಸಿಕ್ಕಾಗ, "ಒಳ್ಳೇದ್ ಹೇಳುದ್ರಿ ಅಣ್ಣ" ಎಂದ. ಅದು ಕೃತಜ್ಞತೆಯೋ ಕುಹಕವೋ ಅವನ ಮುಖ ನೋಡಿ ಹೇಳುವುದು ಮನುಷ್ಯಮಾತ್ರದವರಿಂದ ಆಗದ ಕೆಲಸ.

ಇದರ ನಡುವೆ ನನ್ನ ಮನೆಯೂ ಶತ್ರುಪಕ್ಷಕ್ಕೆ ಸೇರಿಕೊಂಡಿತು. ಕ್ಯಾಬಿನ್ನಿನವರು ಬರಿಗೈಯಲ್ಲಿ ಲಿವರ್ ಹಿಡಿಯುವುದಿಲ್ಲವಂತೆ. ಕೈಬೆವರಿಗೆ ಹಿಡಿ ತುಕ್ಕು ಹಿಡಿಯುತ್ತದೆಂದು ಬಟ್ಟೆ ಸುತ್ತಿಯೇ ಎಳೆಯಬೇಕಂತೆ. ಆ ಬಟ್ಟೆ ಇಲ್ಲದ ಕ್ಯಾಬಿನ್ನು ಕ್ಯಾಬಿನ್ನೇ ಅಲ್ಲವೆಂದು ಮಾವನವರು ಹಟ ಹಿಡಿದರು. ಬೆರಳುದ್ದದ ಆಳಿಗೆ ಒಪ್ಪುವಂಥ ನಯವಾದ ಬಟ್ಟೆ ಹುಡುಕಿ ಹುಡುಕಿ, ನನ್ನ ಹೆಂಡತಿ ನನ್ನ ಹೊಸ ಅಂಗವಸ್ತ್ರದ ಮೂಲೆಯನ್ನೇ ಕತ್ತರಿಸಿಕೊಟ್ಟಳು.

"ನನ್ನ ಕೇಳ್ಬಾರ್ದಾಗಿತ್ತೇನೇ?"

"ಕೇಳಿದ್ರೆ ಕೊಡ್ತಿದ್ರಾ?"

"ಇಲ್ಲ."

"ಅದ್ಕೇ ಕೇಳ್ಲಿಲ್ಲ."

ಮೂಲೆಯಿಲ್ಲದ ಅಂಗವಸ್ತ್ರ ಹೊದ್ದು ಶಾಲೆಗೆ ಹೋದೆ. ತಮಿಳು ಪಂಡಿತರು ಇಲಿಯೋ ಎಂದು ಕೇಳಿದರು. ಷಡ್ಡಕ ಎಂದು ಹೇಳಲು ಬಾಯಿ ಬರಲಿಲ್ಲ.

ಆಶ್ವಯುಜದಲ್ಲಿ ಒಂದು ಬೆಳಗ್ಗೆ ಹಾಲು ಹಾಕುವ ಬೈರಮ್ಮ ಬಾಗಿಲಲ್ಲಿ ನಿಂತು ಸುದ್ದಿ ಹೇಳಿದಳು. ಅವಳ ಮನೆ ಅವಲಪಲ್ಲಿಯಲ್ಲೇ. "ಅಯ್ಯೋ ಮೇಷ್ಟ್ರೇ, ಆವುಲಪ್ಪನ ಮನೇಲಿ ಕೈ ಬಿತ್ತಂತೆ. ನಿಮ್ಮ ಮಾವನೋರು ಗೋಳೋ ಅಂತ ಅಳ್ತಾವ್ರೆ."

ಕೈ ಬಿತ್ತು! ಕೈಮರದ ಕೈ ಮುರಿದುಬಿತ್ತು! ನನ್ನ ಮನಸ್ಸಿನಲ್ಲಿ ಆ ಕ್ಷಣ ಎದ್ದ ಭಾವನೆಗೆ ಹೆಸರಿಡುವುದು ಬೇಡ. ಮುಖಕ್ಕೆ ತಕ್ಕಷ್ಟು ವ್ಯಥೆ ಬಳಿದುಕೊಂಡು, ಸಮಾಧಾನ ಹೇಳಲು ಹೋಗುವವನು ಬರಿಗೈಯಲ್ಲಿ ಹೋಗಬಾರದೆಂದು ಅಂಗಡಿಯಲ್ಲಿ ಬತ್ತಾಸು ಕಟ್ಟಿಸಿಕೊಂಡು, ಅವಲಪಲ್ಲಿಗೆ ಹೆಚ್ಚುಕಡಿಮೆ ಓಡಿದೆ. ಹೋದರೆ ಮಾವನವರು ನಿಜವಾಗಿಯೂ ಕಣ್ಣೊರೆಸಿಕೊಳ್ಳುತ್ತಿದ್ದರು.

"ಬಿಡಿ ಮಾವಾ," ಎಂದೆ ಅವರ ಹೆಗಲ ಮೇಲೆ ಕೈಯಿಟ್ಟು. "ಬಿದ್ದದ್ದು ಬಿತ್ತು. ಮನುಷ್ಯರು ಮಾಡಿದ್ದು ಎಷ್ಟು ದಿನ ಬಾಳುತ್ತೆ? ಒಂಚೂರು ಗೋಂದು ಹಾಕಿ ಅಂಟಿಸಿದರಾಯ್ತು."

ಮಾವನವರು ಆವುಲಪ್ಪನ ಮುಖ ನೋಡಿದರು. ಆವುಲಪ್ಪ ನನ್ನ ಕೈಯ ಬತ್ತಾಸಿನ ಪೊಟ್ಟಣ ನೋಡಿದ.

"ಏನನ್ನು ಅಂಟಿಸ್ತೀರಿ ಮೇಷ್ಟ್ರೇ?" ಎಂದರು ಮಾವ.

"ಕೈ ಬಿತ್ತಂತಲ್ಲ..."

"ಹೂಂ, ಬಿತ್ತು! ಲಿವರ್ ಎಳೆದ ತಕ್ಷಣ ಬಿತ್ತು ಕಣ್ರೀ! ಲೈನ್ ಕ್ಲಿಯರು!" ಎಂದು ಮಾವನವರು ಲಿವರ್ ಎಳೆದು ತೋರಿಸಿದರು. ಕೈ ಇಳಿಯಿತು. ಬಿಟ್ಟರು, ಏರಿತು. ರೈಲಿನವರ ಮಾತಿನಲ್ಲಿ ಕೈ ಬಿತ್ತು ಎಂದರೆ ಸಿಗ್ನಲ್ ಆಯಿತು, ರೈಲು ಬರಬಹುದು ಎಂದರ್ಥ. ಅವರ ಅಳು ಸಂತೋಷದ ಅಳು. ಕೈಮರದ ಕೈ ಬಿದ್ದದ್ದಕ್ಕೆ ಸಿಹಿ ತಂದ ಅಳಿಯನೆಂದು ನನ್ನನ್ನು ಅಪ್ಪಿಕೊಂಡು, ಒಂದು ತಿಂಗಳ ಕೋಪ ಮರೆತರು. ನಾಲ್ಕು ಮನೆಗೂ ನನ್ನ ಬತ್ತಾಸು ಹಂಚಿದರು. ಆವುಲಪ್ಪನ ಗೆಲುವಿಗೆ ನಾನು ಕೈಯಾರೆ ಸಿಹಿ ಹಂಚಿಸಿದಂತಾಯಿತು. ಎರಡು ಬತ್ತಾಸು ನನಗೂ ಸಿಕ್ಕವು. ತಿಂದೆ.

ಆಮೇಲಿನದು ನಿಮಗೆ ಗೊತ್ತೇ ಇದೆ: ದೀಪಾವಳಿಯ ಹಿಂದಿನ ಸಂಜೆ, ಸೀನು, ಛಾವಣಿ, ಅತ್ತೆಯ ಮುಖ. ಆ ರಾತ್ರಿ ಮಲಗುವ ಮುಂಚೆ ಬಾಗಿಲ ಹಿಂದಿನಿಂದ ಕದಿರಮ್ಮನವರು ಗಂಡನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಈ ಸಲ ಮದಲ ಎಣ್ಣೆ ಅವಯ್ಯಂಗೆ ಮುಟ್ಸಿ, ಪಾಪ. ದೊಡ್ಡೋರೇನು, ವರ್ಸ ವರ್ಸ ಕೂತೇ ಅವ್ರಲ್ಲ."

ಮಾವನವರ ಕಡೆಯಿಂದ ಬರೀ ಒಂದು "ಹೂಂ" ಕೇಳಿಸಿತು. ಅದು ಒಪ್ಪಿಗೆಯ ಹೂಂ ಆಗಿರಬಹುದು, ನಿದ್ದೆಯ ಹೂಂ ಆಗಿರಬಹುದು. ನಾನು ಎರಡನೆಯದನ್ನೇ ನಂಬಿ ಮಲಗಿದೆ.

ಬೆಳಗಾಯಿತು. ರಂಗೋಲಿಯ ಮೇಲೆ ಮಣೆ ಹಾಕಿದ್ದರು. ನಾನು ತುಂಡುಪಂಚೆ ಸುತ್ತಿಕೊಂಡು, ಬರಿಮೈಯಲ್ಲಿ, ಯಾರೂ ಕರೆಯುವ ಮೊದಲೇ ಮಣೆಯ ಹತ್ತಿರ ಹೋಗಿ ನಿಂತೆ. ಜಾಗ ಹಿಡಿದವನನ್ನು ಎಬ್ಬಿಸುವುದು ಕಷ್ಟ ಎಂಬುದು ಬಸ್ಸಿನಲ್ಲಿ ಕಲಿತ ಪಾಠ. ಆದರೆ ಮಾವನವರು ಮಣೆಯ ಹತ್ತಿರ ಇರಲೇ ಇಲ್ಲ. ಎಣ್ಣೆಬಟ್ಟಲು ಪಕ್ಕಕ್ಕಿಟ್ಟು, ಮೇಜಿನ ಹಿಂದೆ, ಕ್ಯಾಬಿನ್ನಿನ ಮೇಲೆ ಬೆರಳಿಟ್ಟು ನೆಟ್ಟಗೆ ನಿಂತಿದ್ದರು.

"ದೊಡ್ಡಳಿಯಂದ್ರೇ, ಸ್ವಲ್ಪ ಈಚ್ಗೆ ಬನ್ನಿ. ಮೇಲ್ ಗಾಡಿ ಬತ್ತಾ ಐತೆ."

"ಯಾವ ಮೇಲು ಮಾವಾ?"

"ಅವಲಪಲ್ಲಿ ಮೇಲು. ನೀವೀಗ ಗೂಡ್ಸು. ಮೇಲ್ ದಾಟೋಗಂಟ ಲೂಪ್ ಲೈನಿಗೆ ಹೋಗಿ ನಿಂತ್ಕಳಿ."

"ಲೂಪ್ ಲೈನ್ ಎಲ್ಲಿದೆ?"

"ಒರಳುಕಲ್ಲಿನ ಪಕ್ಕ."

ನಡುಮನೆಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾರಾಯಣಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ನಾನು ಮೆಲ್ಲಗೆ ಸರಿದು ಒರಳುಕಲ್ಲಿನ ಪಕ್ಕ ನಿಂತೆ. ಮಾವನವರು ನನ್ನ ಅಂಗವಸ್ತ್ರದ ಮೂಲೆಯಿಂದಲೇ ಲಿವರ್ ಹಿಡಿದು ಎಳೆದರು. ಕೈ ಬಿತ್ತು. ಆವುಲಪ್ಪ ಎದ್ದು ಬಂದು, ಯಾವ ಗಡಿಬಿಡಿಯೂ ಇಲ್ಲದೆ ಮೊದಲ ಮಣೆಯ ಮೇಲೆ ಕೂತ. ಗರಿಕೆಯಿಂದ ಎಣ್ಣೆ ಅವನ ನೆತ್ತಿಗೆ ಇಳಿಯಿತು. ನನ್ನ ನಾದಿನಿ ಕನಕಮ್ಮ ಗಂಡನ ತಲೆಗೆ ಎಣ್ಣೆ ಒತ್ತತೊಡಗಿದಳು. ಚಳಿಯಲ್ಲಿ ರೋಮ ನಿಮಿರಿಸಿಕೊಂಡು ನಿಂತ ನನಗೆ, ಯಾವುದೋ ಹಾಳು ಸ್ಟೇಷನ್ನಿನಲ್ಲಿ ಕಡಲೆಕಾಯಿ ಮೂಟೆ ಹೊತ್ತು, ಮೇಲ್ ದಾಟಲೆಂದು ಕಾಯುವ ಗೂಡ್ಸ್ ರೈಲಿನ ಮನಸ್ಸು ಮೊದಲ ಸಲ ತಿಳಿಯಿತು.

ನನಗೂ ಎಣ್ಣೆ ಬಿತ್ತು, ಆಮೇಲೆ. ಅದೇ ಎಣ್ಣೆ, ಅದೇ ಗರಿಕೆ. ಆದರೆ ಎರಡನೆಯದಕ್ಕೆ ರುಚಿಯಿರಲಿಲ್ಲ. ಬಚ್ಚಲಿನಿಂದ ಆವುಲಪ್ಪ ಕೆಂಪಗೆ ಬೆಂದು, ಮೈಯಿಂದ ಹೊಗೆಯಾಡುತ್ತ ಹೊರಗೆ ಬಂದ. ನಾನು ಒಳಗೆ ಹೋಗಿ, ಹಂಡೆಗೆ ತಂಬಿಗೆ ಅದ್ದಿ, ಧಾರಾಳವಾಗಿ ತಲೆಗೆ ಸುರಿದುಕೊಂಡೆ. ಬಾಯಿಂದ ಹೊರಟ ಶಬ್ದ ಬೀದಿಗೆ ಕೇಳಿಸಿತಂತೆ. ಸೌದೆ ಸಿಗದ ಕಾಲ. ಕಾಯುವುದು ಒಂದೇ ಹಂಡೆ. ಮೊದಲಿನವನು ಅದನ್ನು ಮುಗಿಸುವ ಹೊತ್ತಿಗೆ ಉರಿ ಆರಿ, ಹಂಡೆಗೆ ಬಾವಿಯ ನೀರು ಬಿದ್ದಿರುತ್ತದೆ. ಇಂಥದ್ದೊಂದು ಸಂಗತಿ ಆ ಮನೆಯಲ್ಲಿ ನಡೆಯುತ್ತಿದೆ ಎಂದು ಮೊದಲ ಮಣೆಯಲ್ಲಿ ಕೂತಿದ್ದವನಿಗೆ ತಿಳಿಯುವುದಾದರೂ ಹೇಗೆ?

ಹಲ್ಲು ಕಡಿಯುತ್ತ ಹೊರಗೆ ಬಂದೆ. ಆವುಲಪ್ಪ ಜಗಲಿಯ ಮೇಲೆ ಎಳೆಬಿಸಿಲಿಗೆ ಬೆನ್ನು ಕೊಟ್ಟು, ಕಿವಿಯಲ್ಲಿನ ನೀರು ಕೊಡವಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತೆ. ಹೊಟ್ಟೆಯೊಳಗಿನ ಬೆಂಕಿಯಿಂದ ಸ್ವಲ್ಪವಾದರೂ ಮೈ ಬೆಚ್ಚಗಾಗಬಾರದೆ? ಆಗಲಿಲ್ಲ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಆವುಲಪ್ಪಾ, ಒಂದು ಮಾತು ನಿಜ ಹೇಳಪ್ಪ. ಇಷ್ಟು ಕಷ್ಟಪಟ್ಟು ಕ್ಯಾಬಿನ್ ಕಟ್ಟಿದೆಯಲ್ಲ, ಅದು ಮಾವನ ಮೇಲಿನ ಪ್ರೀತಿಗೋ, ಇಲ್ಲಾ ನನ್ನ ಮೊದಲ ಎಣ್ಣೆ ಕಿತ್ತುಕೊಳ್ಳೋಕೋ?"

ಆವುಲಪ್ಪ ಇನ್ನೊಂದು ಕಿವಿಯ ನೀರನ್ನೂ ಕೊಡವಿದ.

"ಬಿಸ್ನೀರಿಗೆ ಅಣ್ಣ."